ಅಜ್ಜಿಯ ಮೂಗುಬೊಟ್ಟು ಬ್ರನೋಗೆ ಹೋದದ್ದು

ಕಪ್ಪು ಬಿಳುಪು ಫೋಟೊ ಸುಳ್ಳು ಹೇಳುವುದಿಲ್ಲ ಎನ್ನುವ ಮಾತನ್ನು ಮೊದಲು ಆಡಿದವರು ಸ್ಟುಡಿಯೋದ ಮುಂಬಾಗಿಲಿನಿಂದ ಒಳಗೆ ಹೋಗಿ, ಸ್ಟೂಲಿನ ಮೇಲೆ ಕೂತು, ಅದೇ ಬಾಗಿಲಿನಿಂದ ಹೊರಗೆ ಬಂದವರಿರಬೇಕು. ಹಿಂದಿನ ಕತ್ತಲೆ ಕೋಣೆಗೆ ಇಣುಕಿದವರು ಹಾಗೆ ಹೇಳಲಾರರು. ನಮ್ಮ ಮನೆಯವರು ಮಾತ್ರ ಇವತ್ತಿಗೂ ಹೇಳುತ್ತಾರೆ. ಕಾರಣ ನಮ್ಮ ಅಜ್ಜಿಯ ಒಂದು ಫೋಟೊ.

ಮನೆಯಲ್ಲಿ ಚಾಲ್ತಿಯಲ್ಲಿರುವ ಕಥೆ ಹೀಗಿದೆ. ದೇವನಹಳ್ಳಿ ಪಕ್ಕದ ವಿಜಯಪುರದಲ್ಲಿ ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುವ ಕೆಲಸಕ್ಕೆ ಹೋಗುತ್ತಿದ್ದ ಅಜ್ಜಿ ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡಳು. ತಿಥಿಯ ದಿನ ಹಿರಿಯರು ತಾಳಿ, ಬಳೆ, ಕಾಲುಂಗುರ ತೆಗೆಸಿ ಕೊನೆಗೆ ಮೂಗಿಗೆ ಕೈ ಹಾಕಿದರು. ಅವಳು ಮುಖ ಹಿಂದಕ್ಕೆಳೆದುಕೊಂಡು, “ಗಂಡ ಕೊಟ್ಟಿದ್ದನ್ನ ಗಂಡನ್ ಜೊತೆ ಕಳಿಸಿದ್ದೀನಿ. ಮೂಗುಬೊಟ್ಟು ನಮ್ಮಪ್ಪ ಹಾಕ್ಸಿದ್ದು. ಅದನ್ಯಾಕೆ ತೆಗೀಲಿ?” ಎಂದಳಂತೆ. ಆಮೇಲೆ ತಮ್ಮನ ಸ್ಟುಡಿಯೋಗೆ ಹೋಗಿ ಫೋಟೊ ತೆಗೆಸಿಕೊಂಡಳಂತೆ. ಬರಿ ಹಣೆ, ಬರಿ ಕೊರಳು, ಮೂಗಿನ ಮೇಲೆ ಬೆಳ್ಳಗೆ ಹೊಳೆಯುವ ಬೊಟ್ಟು.

ವಾದಕ್ಕೆ ಎಷ್ಟು ಒಳ್ಳೆಯ ಸರಕು ನೋಡಿ. ಕಾನೂನು ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾನು ಇದನ್ನು ಹೇಳಿ ಕೂತರೆ ಎದುರು ಪಕ್ಷದವರೂ ಚಪ್ಪಾಳೆ ತಟ್ಟುತ್ತಿದ್ದರು. ತೊಂದರೆ ಏನೆಂದರೆ, ಆ ಫೋಟೊ ತೆಗೆಸಿಕೊಂಡ ಸ್ವಲ್ಪ ಕಾಲಕ್ಕೇ ಅಜ್ಜಿ ಜ್ವರ ಬಂದು ತೀರಿಕೊಂಡಳು. ನಮ್ಮಮ್ಮ ಆಗತಾನೆ ಸ್ಕೂಲಿಗೆ ಸೇರಿದ್ದಳು. ಚಿಕ್ಕಮ್ಮ ಇನ್ನೂ ಕಂಕುಳ ಕೂಸು. ಇಬ್ಬರನ್ನೂ ಸಾಕಿದವನು ಅಜ್ಜಿಯ ತಮ್ಮ. ನಾನು ತಾತ ಎಂದು ಕರೆಯುವುದು ಅವನನ್ನೇ. ಅಮ್ಮನಿಗೆ ತನ್ನ ಅವ್ವನ ಸೆರಗಿನಲ್ಲಿದ್ದ ಬೆಂದ ಗೂಡಿನ ವಾಸನೆ ನೆನಪಿದೆ, ಮೂಗು ನೆನಪಿಲ್ಲ. ಅಂದರೆ ಈ ಕಥೆಗೆ ಸಾಕ್ಷಿ ಎರಡೇ: ಒಂದು ಆ ಫೋಟೊ, ಇನ್ನೊಂದು ಅದನ್ನು ತೆಗೆದ ತಾತ. ಎರಡೂ ಒಂದೇ ಸ್ಟುಡಿಯೋದ ಸರಕು. ಯಾವ ಕೋರ್ಟು ಒಪ್ಪುತ್ತದೆ?

ನನ್ನ ಚಿಕ್ಕಮ್ಮ ಒಪ್ಪಿದ್ದಾಳೆ. ಹೋದ ವರ್ಷ ಸೂಲಿಬೆಲೆಯಲ್ಲಿ ಚಿಕ್ಕಪ್ಪ ತೀರಿಕೊಂಡಾಗ, ಅದೇ ತಿಥಿ, ಅದೇ ಹಿರಿಯರ ಮಾತು. ಚಿಕ್ಕಮ್ಮ ಒಳಗೆ ಹೋಗಿ ಅಜ್ಜಿಯ ಫೋಟೊ ತಂದು ನಡುಮನೆಯಲ್ಲಿ ಇಟ್ಟಳು. “ನಮ್ಮವ್ವ ತೆಗೀಲಿಲ್ಲ. ನಾನೂ ತೆಗೆಯಲ್ಲ.” ಇವತ್ತಿಗೂ ಅವಳ ಮೂಗಿನಲ್ಲಿ ಬೊಟ್ಟಿದೆ, ಇವತ್ತಿಗೂ ಅತ್ತೆ ಮನೆಯವರ ಗೊಣಗಾಟವಿದೆ. ಈಗ ಮೈದುನನ ಮಗಳ ಮದುವೆ ಹತ್ತಿರ ಬಂದಿದೆ. “ಬಾ, ಆದ್ರೆ ಮೂಗಲ್ಲಿ ಅದಿಲ್ದೆ ಬಾ” ಎಂದಿದ್ದಾರೆ.

ಜೆಕ್ ದೇಶದ ಬ್ರನೋ ನಗರದ ಒಂದು ಪುಟ್ಟ ಕಲಾಬಳಗ ನನ್ನನ್ನು ಕರೆದದ್ದು ಇಂಥ ಹೊತ್ತಿನಲ್ಲಿ. ಬೇರೆ ಬೇರೆ ದೇಶದವರು ಮನೆಯ ಒಂದು ಹಳೆಯ ನೆಗೆಟಿವ್ ತರಬೇಕು. ಕತ್ತಲೆ ಕೋಣೆಯಲ್ಲಿ ಹಳೆಯ ಪದ್ಧತಿಯಲ್ಲೇ ಅದರ ದೊಡ್ಡ ಪ್ರಿಂಟ್ ಮಾಡಿ, ಕೆಳಗೆ ಅದರ ಕಥೆ ಬರೆದು ಗೋಡೆಗೆ ಹಾಕಬೇಕು. ಚಿಕ್ಕಮ್ಮ ಕೇಳಿದ್ದೇ ತಡ, “ಒಂದು ನಮ್ಮನೆಗೂ ಮಾಡ್ಸ್ಕೊಂಡು ಬಾರೇ. ದೊಡ್ಡದು. ಹಾಲ್‌ನಾಗೆ ಹಾಕ್ತೀನಿ. ಬಂದೋರು ಚಪ್ಪಲಿ ಬಿಡೋವಾಗ್ಲೇ ಕಾಣ್ಬೇಕು” ಎಂದಳು.

ದೇವನಹಳ್ಳಿ

ನಮ್ಮ ತಾಲ್ಲೂಕಿನವರಿಗೆ ವಿಮಾನ ಎಂದರೆ ತಲೆಯ ಮೇಲಿನ ಸದ್ದು. ಹತ್ತುವವರು ಬೇರೆ ಊರಿನವರು. ನಾನು ಹತ್ತುತ್ತೇನೆ ಎಂದಾಗ ತಾತನಿಗೆ ನನ್ನ ಚಿಂತೆಗಿಂತ ನೆಗೆಟಿವ್‌ನ ಚಿಂತೆ ಹೆಚ್ಚಾಯಿತು. ಬೆಣ್ಣೆ ಕಾಗದದಲ್ಲಿ ಸುತ್ತಿ, ರಟ್ಟಿನ ನಡುವೆ ಇಟ್ಟು ಕೊಟ್ಟವನು ಎರಡು ಷರತ್ತು ಹಾಕಿದ.

“ಎಕ್ಸ್‌ರೇ ಮೆಷಿನ್‌ಗೆ ಹಾಕ್ಬೇಡ, ಸುಟ್ಟೋಯ್ತದೆ. ಆಮೇಲೆ ಅಲ್ಲಿ ಯಾರಾದ್ರೂ ತೊಳೀತೀನಿ, ಒರೆಸ್ತೀನಿ ಅಂದ್ರೆ ಕೊಡ್ಬೇಡ. ನೀರು, ಸ್ಪಿರಿಟ್ಟು ಯಾವ್ದೂ ಮುಟ್ಟಂಗಿಲ್ಲ. ಗೊತ್ತಾಯ್ತಾ ಲಾಯರಮ್ಮಾ?”

ತಪಾಸಣೆಯ ಸಾಲಿನಲ್ಲಿ ನಾನು ಜಗಳಕ್ಕೆ ನಿಂತೆ. ಕೈಯಲ್ಲೇ ನೋಡಿ, ಮೆಷಿನ್‌ಗೆ ಹಾಕಬೇಡಿ, ಇದು ಹೋದರೆ ಮತ್ತೆ ಸಿಗದ ವಸ್ತು, ಇತ್ಯಾದಿ. ಅಧಿಕಾರಿಗೆ ಕನ್ನಡ ಬಾರದು, ನನ್ನ ಹಿಂದಿ ಜಗಳಕ್ಕೆ ಸಾಲದು. ಹಿಂದೆ ನಿಂತಿದ್ದ ಕ್ಯಾಮೆರಾ ಚೀಲದ ಹುಡುಗ ತಾಳ್ಮೆ ಕಳೆದುಕೊಂಡ.

“ಮೇಡಂ, ಅದು ತೊಳೆದು ಚಿತ್ರ ಬಂದಿರೋ ಫಿಲಂ. ತೊಳೀದೇ ಇರೋದಕ್ಕೆ ಮಾತ್ರ ಎಕ್ಸ್‌ರೇ ಭಯ. ಇದನ್ನ ಸಾವಿರ ಸಲ ಹಾಕಿದ್ರೂ ಏನೂ ಆಗಲ್ಲ. ಬೇಗ ಹಾಕಿ, ನನ್ ಫ್ಲೈಟ್ ಹೋಗುತ್ತೆ!”

ಹಾಕಿದೆ. ಏನೂ ಆಗಲಿಲ್ಲ. ಆದರೆ ಸೀಟಿನಲ್ಲಿ ಕೂತ ಮೇಲೆ ಒಂದು ಪ್ರಶ್ನೆ ನನ್ನ ಪಕ್ಕದಲ್ಲೇ ಬೆಲ್ಟ್ ಕಟ್ಟಿಕೊಂಡಿತು. ಜೀವನವಿಡೀ ಸ್ಟುಡಿಯೋ ನಡೆಸಿದವನಿಗೆ ಇಷ್ಟು ಗೊತ್ತಿಲ್ಲವೇ? ಒಂದು ಷರತ್ತಿಗೆ ಕಾರಣವಿಲ್ಲದಿದ್ದರೆ, ಇನ್ನೊಂದಕ್ಕೆ ಏನು ಕಾರಣ?

ಬ್ರನೋ, ಬಂದಿಳಿದ ಮೇಲೆ

ವಿಯೆನ್ನಾದಲ್ಲಿ ಇಳಿದು ಬಸ್ಸಿನಲ್ಲಿ ಬ್ರನೋಗೆ ಬಂದೆ. ಹೋಗಿಬಂದವರು ಹೇಳುವ ಸ್ವಚ್ಛ ರಸ್ತೆ, ಹಳೆಯ ಚರ್ಚು ಎಲ್ಲ ಇವೆ, ನಾನು ತಕರಾರು ಮಾಡುವುದಿಲ್ಲ. ನನಗೆ ಅನುಮಾನ ತಂದದ್ದು ಲಿಫ್ಟು. ಒಳಗೆ ಬಂದವರೆಲ್ಲ “ದೊಬ್ರಿ ದೆನ್” ಎನ್ನುತ್ತಾರೆ, ನಮಸ್ಕಾರ ಎಂದರ್ಥ. ಆಮೇಲೆ ಬಾಗಿಲನ್ನೇ ನೋಡುತ್ತ ನಿಲ್ಲುತ್ತಾರೆ. ಇಳಿಯುವಾಗ ಮತ್ತೆ ಬೀಳ್ಕೊಡುಗೆ. ನಮ್ಮ ಹೊಸಕೋಟೆ ಬಸ್ಸಿನಲ್ಲಿ ನಮಸ್ಕಾರ ಇಲ್ಲ. ನೇರವಾಗಿ ಯಾವೂರು, ಯಾರ ಪೈಕಿ, ಮದುವೆ ಆಯ್ತಾ. ನಮಸ್ಕಾರ ಹೇಳಿ ಏನನ್ನೂ ಕೇಳದವರನ್ನು ನಂಬುವುದು ಹೇಗೆ?

ಇನ್ನೊಂದು, ಚಪ್ಪಲಿ. ಬಾಗಿಲಲ್ಲಿ ಬಿಡಬೇಕು, ಸರಿ, ನಮ್ಮಂತೆಯೇ. ಆದರೆ ಬಿಟ್ಟ ಮೇಲೆ ಅಲ್ಲಿರುವ ಬುಟ್ಟಿಯಿಂದ ಯಾರು ಯಾರೋ ಹಾಕಿ ಬಿಟ್ಟ ಬಟ್ಟೆಯ ಚಪ್ಪಲಿ ಹಾಕಿಕೊಳ್ಳಬೇಕು. ನಾನು ಬರಿಗಾಲಲ್ಲಿ ಒಳಗೆ ನಡೆದಾಗ, ಕತ್ತಲೆ ಕೋಣೆಯ ಒಡತಿ ನನ್ನ ಕಾಲನ್ನು ಗಾಯವಾದ ಕಾಲಿನಂತೆ ನೋಡಿದಳು.

ಹೆಸರು ಹಾನಾ. ಅರವತ್ತು ದಾಟಿದ ಹೆಂಗಸು, ತುಂಡುಗೂದಲು, ರಾಸಾಯನಿಕಕ್ಕೆ ಕಂದಿದ ಉಗುರು. ಬರಿ ಹೆಸರು ಹಿಡಿದು ಕರಿ ಎಂದಳು. ಆ ವಯಸ್ಸಿನವಳನ್ನು ಹಾಗೆ ಕರೆಯಲು ನನ್ನ ನಾಲಿಗೆ ಏಳಲಿಲ್ಲ. ಮೇಡಂ ಎಂದರೆ ಅವಳಿಗೆ ಸಿಟ್ಟು. ಕೊನೆಗೆ ಹಾನಮ್ಮ ಎಂದು ರಾಜಿಯಾಯಿತು. ನಮ್ಮಿಬ್ಬರ ಇಂಗ್ಲಿಷೂ ಎರವಲು ತಂದದ್ದೇ, ಹಾಗಾಗಿ ಜಗಳಕ್ಕೆ ಅನುಕೂಲವಾಯಿತು. ಅವಳ ಮಾತನ್ನು ಇಲ್ಲಿ ನಮ್ಮ ಮಾತಿನಲ್ಲೇ ಬರೆಯುತ್ತಿದ್ದೇನೆ.

“ಈ ಊರಲ್ಲಿ ನನ್ನಷ್ಟು ಒಳ್ಳೆ ಕಪ್ಪು ಯಾರಿಗೂ ಬರಲ್ಲ,” ಎಂದು ಶುರು ಮಾಡಿದಳು. “ಬೇರೆಯವರದ್ದೆಲ್ಲ ಬೂದಿ.”

ಕತ್ತಲೆ ಕೋಣೆ

ಮಂದ ಕೆಂಪು ಬೆಳಕು, ವಿನೆಗರ್‌ನಂಥ ಹುಳಿ ವಾಸನೆ, ನಲ್ಲಿಯ ಸಣ್ಣ ಸದ್ದು. ಎತ್ತರದ ಯಂತ್ರದೊಳಗೆ ನೆಗೆಟಿವ್ ಇಟ್ಟು ದೀಪ ಹಾಕಿದರೆ ಅಜ್ಜಿ ಕೆಳಗಿನ ಹಲಗೆಯ ಮೇಲೆ ಬೀಳುತ್ತಾಳೆ, ತಲೆಕೆಳಗಾದ ಬಣ್ಣದಲ್ಲಿ: ಕೂದಲು ಬಿಳಿ, ಸೀರೆ ಬಿಳಿ, ಮುಖ ಕಪ್ಪು. ಹಾನಮ್ಮ ಕಾಗದ ಇಟ್ಟು ದೀಪ ಹಾಕಿದಳು. ತಂತಿಯ ತುದಿಗೆ ಅಂಟಿಸಿದ ಸಣ್ಣ ರಟ್ಟಿನ ಬಿಲ್ಲೆಯನ್ನು ಮುಖದ ಮೇಲೆ ಅಲ್ಲಾಡಿಸುತ್ತ ಬೆಳಕನ್ನು ಅಲ್ಲಿಗೆ ಕಡಿಮೆ ಬಿಟ್ಟಳು. ಆಮೇಲೆ ಎರಡೂ ಅಂಗೈ ಸೇರಿಸಿ ನಡುವೆ ಸಂದು ಮಾಡಿ, ಮೂಲೆಗಳಿಗೆ ಮಾತ್ರ ಹೆಚ್ಚು ಬೆಳಕು ಸುರಿದಳು. ಬೆಳಕು ತಗುಲಿದಷ್ಟೂ ಕಾಗದ ಕಪ್ಪಾಗುತ್ತದೆ. ತಡೆದಷ್ಟೂ ಬಿಳಿ ಉಳಿಯುತ್ತದೆ.

“ಇದು ಮೋಸ ಅಲ್ವಾ?” ಎಂದೆ.

“ಅಡುಗೆಗೆ ಉಪ್ಪು ಹಾಕೋದು ಮೋಸನಾ?”

“ಹಾಕಿದ್ದೀನಿ ಅಂತ ಹೇಳದಿದ್ದರೆ?”

“ತಿನ್ನೋರಿಗೆ ನಾಲಿಗೆ ಇಲ್ವಾ?”

ಒಪ್ಪಲಿಲ್ಲ ನಾನು. ಆದರೆ ಕಾಗದವನ್ನು ತಟ್ಟೆಯ ದ್ರಾವಣಕ್ಕೆ ಇಳಿಸಿದಾಗ ವಾದ ಬಿಟ್ಟು ಬಗ್ಗಿ ನೋಡಿದೆ. ಮೊದಲು ಸೀರೆಯ ಅಂಚು, ಆಮೇಲೆ ಕೂದಲು, ಹುಬ್ಬು, ಕೊನೆಗೆ ಕೆನ್ನೆ ಬಂದವು. ಮೂಗಿನ ಬೊಟ್ಟು ಮಾತ್ರ ಬರಲೇ ಇಲ್ಲ; ಸುತ್ತಲೂ ಎಲ್ಲ ಕಪ್ಪಾಗುತ್ತ ಹೋದಾಗ ಅದು ಬಿಳಿಯಾಗಿಯೇ ಉಳಿದುಕೊಂಡಿತು. ಮನೆಯ ಫೋಟೊದಲ್ಲಿ ಎಂದೂ ಅಷ್ಟು ಹೊಳೆದಿರಲಿಲ್ಲ. ಚಿಕ್ಕಮ್ಮ ಗೆದ್ದಳು ಅಂದುಕೊಂಡೆ.

“ಈಗಲೇ ಖುಷಿಪಡ್ಬೇಡ,” ಎಂದಳು ಹಾನಮ್ಮ. “ಒದ್ದೆ ಫೋಟೊ ಮುಖಸ್ತುತಿ ಮಾಡುತ್ತೆ. ಒಣಗಿದ ಮೇಲೆ ನೋಡು.”

ಊಟಕ್ಕೆ ಅವಳ ಅಡುಗೆಮನೆಗೇ ಕರೆದಳು. ಬ್ರೆಡ್ಡಿನ ಹಿಟ್ಟಿನದೊಂದು ಉದ್ದ ಉಂಡೆ, ಹಬೆಯಲ್ಲಿ ಬೇಯಿಸಿದ್ದು. ಅದನ್ನು ಚಾಕುವಿನಲ್ಲಿ ಕೊಯ್ಯದೆ, ನೂಲನ್ನು ಸುತ್ತಿ ಎಳೆದು ಬಿಲ್ಲೆ ಬಿಲ್ಲೆಯಾಗಿ ಕೊಯ್ದಳು. ನೂಲಿನ ಊರಿನಿಂದ ಬಂದ ನನಗೆ ಅಲ್ಲಿ ನಗು ಬಂತು. ನಮ್ಮ ಮುದ್ದೆ ಹೀಗೆ ಮಾನ ಬಿಟ್ಟು ಕೊಯ್ಸಿಕೊಳ್ಳುವುದಿಲ್ಲ ಎಂದೆ. ಅಗಿಯದೆ ನುಂಗುತ್ತೇವೆ ಎಂದಾಗ ನಂಬಲಿಲ್ಲ. ಪರವಾಗಿಲ್ಲ, ಅವಳಿಗೂ ಅನುಮಾನ ಬರುತ್ತದಲ್ಲ.

ಮಾರನೆಯ ದಿನ

ತಪ್ಪು ದಿಕ್ಕಿನ ಟ್ರಾಮ್ ಹತ್ತಿ, ಊರಿನ ಇನ್ನೊಂದು ಕೊನೆ ನೋಡಿಕೊಂಡು ಬಂದೆ. ಒಳಗೆ ಹೋದಾಗ ಹಾನಮ್ಮ ಕಿಟಕಿಯ ಬಳಿ ಒಣಗಿದ ಪ್ರಿಂಟಿನ ಮೇಲೆ ಬಗ್ಗಿದ್ದಳು. ಕೈಯಲ್ಲಿ ಕೂದಲೆಳೆಯಂಥ ಕುಂಚ. ಹಳೆಯ ನೆಗೆಟಿವ್ ಮೇಲೆ ಧೂಳಿದ್ದರೆ ಪ್ರಿಂಟಿನಲ್ಲಿ ಬಿಳಿ ಚುಕ್ಕೆಗಳು ಬೀಳುತ್ತವೆ. ಆ ಚುಕ್ಕೆಗಳಿಗೆ ಸುತ್ತಲಿನ ಬಣ್ಣವನ್ನೇ ತುಂಬಿ ಮುಚ್ಚುವುದು ಕೊನೆಯ ಕೆಲಸ. ಅವಳು ಕುಂಚವನ್ನು ಬಣ್ಣಕ್ಕೆ ಮುಟ್ಟಿಸಿದಳು, ನಾಲಿಗೆಗೆ ಮುಟ್ಟಿಸಿದಳು, ಅಜ್ಜಿಯ ಕೆನ್ನೆಗೆ ಮುಟ್ಟಿಸಿದಳು.

“ಎಂಜಲು!” ಎಂದು ಕೂಗಿದೆ. ಕನ್ನಡದಲ್ಲೇ.

ಅರ್ಥ ಹೇಳಬೇಕಾಯಿತು. ತೀರಿಕೊಂಡ ಹಿರಿಯರ ಫೋಟೊಗೆ ನಾವು ಹೂವು ಇಡುತ್ತೇವೆ. ಆ ಹೂವಿನ ವಾಸನೆಯನ್ನೂ ಮೊದಲು ನಾವು ನೋಡುವುದಿಲ್ಲ. ಅವಳು ಶಾಂತವಾಗಿ ಕೇಳಿಸಿಕೊಂಡು, “ನೀರಲ್ಲಿ ಬಣ್ಣ ಹರಡುತ್ತೆ. ಎಂಜಲಲ್ಲಿ ನಿಲ್ಲುತ್ತೆ. ನಿಮ್ಮ ಅಜ್ಜಿಗೆ ಬೇಸರ ಇಲ್ಲ, ನೋಡು” ಎಂದು ಪ್ರಿಂಟನ್ನು ನನ್ನತ್ತ ತಿರುಗಿಸಿದಳು.

ನೋಡಿದೆ. ಕೆನ್ನೆ ಸ್ವಚ್ಛ, ಹಣೆ ಸ್ವಚ್ಛ, ಹಿಂದಿನ ಪರದೆ ಸ್ವಚ್ಛ. ಮೂಗೂ ಸ್ವಚ್ಛ. ಬೊಟ್ಟಿಲ್ಲ. ಒಂದು ಬೆಳಗಿನಲ್ಲಿ, ನಾನು ತಪ್ಪು ಟ್ರಾಮಿನಲ್ಲಿ ಅಲೆದ ಹೊತ್ತಿನಲ್ಲಿ, ನಮ್ಮಜ್ಜಿ ಎರಡನೆಯ ಸಲ ವಿಧವೆಯಾಗಿದ್ದಳು.

ನಾನು ಏನೇನು ಅಂದೆನೋ ಬರೆಯುವುದಿಲ್ಲ. ಅವಳೂ ಬಿಡಲಿಲ್ಲ. “ಧೂಳು ಅದು! ಆಭರಣ ಆಗಿದ್ರೆ ಅದಕ್ಕೆ ಅಂಚು ಇರ್ಬೇಕು, ಕೆಳಗೆ ನೆರಳು ಇರ್ಬೇಕು. ಬರಿ ಬಿಳಿ ಇತ್ತು. ನನ್ನ ಕಣ್ಣು ತಪ್ಪಲ್ಲ.”

“ನಿಮಗೆ ಮೂಗುಬೊಟ್ಟು ನೋಡಿ ಗೊತ್ತಾ?”

“ನಿನಗೆ ಧೂಳು ನೋಡಿ ಗೊತ್ತಾ?”

ನೆಗೆಟಿವ್ ತೆಗೆದು ದೀಪದ ಗಾಜಿನ ಮೇಜಿನ ಮೇಲೆ ಇಟ್ಟಳು. ರಬ್ಬರ್ ಬುರುಡೆಯಿಂದ ಗಾಳಿ ಊದಿದಳು. ಚುಕ್ಕೆ ಕದಲಲಿಲ್ಲ. ಮೃದುವಾದ ಕುಂಚ ಆಡಿಸಿದಳು. ಕದಲಲಿಲ್ಲ. “ನೋಡಿ, ಧೂಳಲ್ಲ!” ಎಂದೆ ನಾನು, ಗೆದ್ದವಳ ದನಿಯಲ್ಲಿ. ಅವಳು ನೆಗೆಟಿವನ್ನು ಓರೆಯಾಗಿ ಹಿಡಿದು, ಭೂತಗನ್ನಡಿ ಇಟ್ಟು ಬಹಳ ಹೊತ್ತು ನೋಡಿದಳು. ಆಮೇಲೆ ಭೂತಗನ್ನಡಿಯನ್ನು ನನಗೆ ಕೊಟ್ಟಳು.

ಮಾಸಲು ಪದರದ ಮೇಲೆ ಒಂದು ಬೂದು ಹೊಳಪು. ಗುಂಡಗೆ ಸುತ್ತಿದ ಗೀರುಗಳು. ಸೀಸದ ಕಡ್ಡಿಯ ಗೀರು.

“ಪೆನ್ಸಿಲ್,” ಎಂದಳು ಹಾನಮ್ಮ. “ಧೂಳಲ್ಲ, ಒಪ್ಪಿದೆ. ಆಭರಣವೂ ಅಲ್ಲ. ಯಾರೋ ಬರೆದದ್ದು.”

ನೆಗೆಟಿವ್ ಮೇಲೆ ಪೆನ್ಸಿಲ್ ಇಟ್ಟ ಕಡೆ ಬೆಳಕು ಇಳಿಯುವುದಿಲ್ಲ. ಬೆಳಕು ಇಳಿಯದ ಕಡೆ ಕಾಗದ ಬಿಳಿ. ನಮ್ಮ ಕಡೆಯ ಸ್ಟುಡಿಯೋಗಳಲ್ಲಿ ಇದಕ್ಕೆ ಟಚಿಂಗ್ ಎನ್ನುತ್ತಾರೆ. ಮೊಡವೆ ಮುಚ್ಚುವುದು, ಕುಳಿಬಿದ್ದ ಕೆನ್ನೆ ತುಂಬುವುದು. ತಾತನ ಕೈ ಇದರಲ್ಲಿ ಹೆಸರುವಾಸಿ ಎಂದು ನಾನೇ ಎಷ್ಟೋ ಸಲ ಕೇಳಿದ್ದೇನೆ.

ಅದೇ ಮಧ್ಯಾಹ್ನ

“ಕೆಳಗೆ ಏನಿದೆ ನೋಡಬಹುದು,” ಎಂದಳು ಹಾನಮ್ಮ. ಈಗ ಅವಳ ದನಿ ತಗ್ಗಿತ್ತು. “ಹತ್ತಿಗೆ ಒಂದು ತೊಟ್ಟು ಟರ್ಪೆಂಟೈನ್. ಉಜ್ಜಿದರೆ ಪೆನ್ಸಿಲ್ ಹೋಗುತ್ತೆ, ಚಿತ್ರ ಹೋಗಲ್ಲ. ಕೆಳಗೆ ಬೊಟ್ಟಿದ್ದರೆ ಕಾಣುತ್ತೆ. ಇಲ್ಲದಿದ್ದರೆ ಬರಿ ಮೂಗು. ಆದ್ರೆ ಆ ಪೆನ್ಸಿಲ್ ಮತ್ತೆ ಬರಲ್ಲ.”

ನೀರು, ಸ್ಪಿರಿಟ್ಟು ಮುಟ್ಟಂಗಿಲ್ಲ ಎಂದವನಿಗೆ ಫೋನ್ ಮಾಡಿದೆ.

“ಏನಮ್ಮಾ ಲಾಯರಮ್ಮ, ಊಟ ಆಯ್ತಾ? ಅನ್ನ ಸಿಗ್ತದಾ ಅಲ್ಲಿ?”

“ಸಿಗುತ್ತೆ ತಾತ. ಅಜ್ಜಿ ನೆಗೆಟಿವ್ ಮೇಲೆ ಪೆನ್ಸಿಲ್ ಇದೆ. ಮೂಗಿನ ಮೇಲೆ.”

“ಆಂ?”

“ಮೂಗುಬೊಟ್ಟು. ಪೆನ್ಸಿಲ್‌ನಲ್ಲಿ ಬರೆದಿದೆ.”

“ಏನೂ ಕೇಳಿಸ್ತಿಲ್ಲ ಕಣಮ್ಮ. ಮೇಲೆ ವಿಮಾನ ಹೋಯ್ತಾ ಐತೆ.”

ನನಗೆ ವಿಮಾನ ಕೇಳಿಸಲಿಲ್ಲ. ಅವನ ಪಕ್ಕದಲ್ಲಿ ಯಾರೋ ಸೊಪ್ಪು ಮಾರುತ್ತಿದ್ದುದು ಕೇಳಿಸಿತು, ದಂಟು, ಅರಿವೆ, ಸಬ್ಬಸಿಗೆ, ಒಂದೊಂದೂ ಸ್ಪಷ್ಟವಾಗಿ.

ಇಟ್ಟ ಫೋನು ಮತ್ತೆ ಹೊಡೆದುಕೊಂಡಿತು. ಚಿಕ್ಕಮ್ಮ, ವಿಡಿಯೋದಲ್ಲಿ. “ಏನೇ, ಆಯ್ತಾ? ತೋರ್ಸು ತೋರ್ಸು.” ಒಣಗಲು ತಂತಿಗೆ ತೂಗುಹಾಕಿದ್ದ, ಇನ್ನೂ ಕುಂಚ ಮುಟ್ಟದ, ಅವಳಿಗೆಂದು ಮಾಡಿದ ಇನ್ನೊಂದು ಪ್ರಿಂಟ್ ತೋರಿಸಿದೆ. ಅವಳು ಮುಖವನ್ನು ಫೋನಿಗೆ ಅಂಟಿಸಿಕೊಂಡು ನೋಡಿದಳು. ನನ್ನ ಪರದೆಯ ತುಂಬ ಅವಳ ಮೂಗು, ಅದರಲ್ಲಿ ನಿಜವಾದ ಚಿನ್ನದ ಬೊಟ್ಟು. “ಅಯ್ಯೋ ನಮ್ಮವ್ವ! ಹೆಂಗ್ ಹೊಳೀತೈತೆ ನೋಡು. ನಮ್ಮತ್ತೆ ಕಣ್ಣಿಗೆ ಕುಕ್ಬೇಕು ಕಣೇ!”

ಹಾನಮ್ಮ ಹತ್ತಿಯ ಉಂಡೆ ಮಾಡಿಟ್ಟುಕೊಂಡು ಕಾಯುತ್ತಿದ್ದಳು.

ವಾದ ಕಲಿತವರಿಗೆ ಎರಡೂ ಪಕ್ಷದಿಂದ ಮಾತಾಡಲು ಬರುತ್ತದೆ, ಅದೇ ಶಾಪ. ಒಂದು ಪಕ್ಷ: ಬೊಟ್ಟು ಇತ್ತು, ಹೊಳೆಯಲಿಲ್ಲ, ಟಚಿಂಗ್‌ನವನು ಹೊಳಪು ಕೊಟ್ಟ. ಹಾನಮ್ಮನೇ ಎಷ್ಟೋ ಮದುಮಕ್ಕಳ ಫೋಟೊದಲ್ಲಿ ಮುಚ್ಚಿದ್ದ ಕಣ್ಣನ್ನು ಕುಂಚದಿಂದ ತೆರೆಸಿದ್ದಾಳಂತೆ. ಹಾಗೆಂದು ಅವರಿಗೆ ಕಣ್ಣಿರಲಿಲ್ಲವೇ? ಇನ್ನೊಂದು ಪಕ್ಷ: ಹಿರಿಯರು ಗೆದ್ದಿದ್ದರು, ಬೊಟ್ಟು ತೆಗೆದಾಗಿತ್ತು. ತಾಯಿಯಿಲ್ಲದ ಎರಡು ಹೆಣ್ಣುಮಕ್ಕಳಿಗೆ ಕೊಡಲು ತಾತನ ಹತ್ತಿರ ಇನ್ನೇನೂ ಇರಲಿಲ್ಲ, ಒಬ್ಬ ಧೈರ್ಯದ ತಾಯಿಯನ್ನು ಬರೆದುಕೊಟ್ಟ. ಹತ್ತಿಯ ಒಂದು ಉಜ್ಜಿಗೆ ಉತ್ತರ ಸಿಗುತ್ತದೆ. ಸುಳ್ಳಿನ ಮೇಲೆ ನಿಂತ ಧೈರ್ಯ ಧೈರ್ಯವೇ ಎಂದು ಚಿಕ್ಕಮ್ಮನ ಮುಖಕ್ಕೆ ಕೇಳುವ ಹಕ್ಕೂ ಸಿಗುತ್ತದೆ. ಆ ಹಕ್ಕು ತಗೊಂಡು ನಾನೇನು ಮಾಡಲಿ?

“ಬೇಡ,” ಎಂದೆ.

“ನೀನು ಎಲ್ಲದಕ್ಕೂ ಪುರಾವೆ ಕೇಳ್ತಿದ್ದೆ!” ಹಾನಮ್ಮನಿಗೆ ನಿಜಕ್ಕೂ ನಿರಾಸೆಯಾಗಿತ್ತು.

“ಕೇಳ್ತೀನಿ. ಬರೆದವರು ಬದುಕಿದ್ದಾರೆ. ಅವರನ್ನ ಕೇಳದೆ ಸಾಕ್ಷಿ ಅಳಿಸಲ್ಲ.”

ಅವಳು ಹತ್ತಿಯನ್ನು ಬುಟ್ಟಿಗೆ ಎಸೆದಳು. ಬೊಟ್ಟು ಹೋದ ಪ್ರಿಂಟಿನ ಬದಲು ಹೊಸದೊಂದು ಮಾಡಿ, ಬೊಟ್ಟಿನ ತಂಟೆಗೆ ಹೋಗದೆ ಬಾಕಿ ಚುಕ್ಕೆಗಳನ್ನು ಮುಚ್ಚಿ ಎರಡು ಪ್ರಿಂಟ್ ಮುಗಿಸಿಕೊಟ್ಟಳು. ಎಂಜಲಲ್ಲೇ. ಗೋಡೆಯ ಮೇಲಿನ ಬರಹದಿಂದ ‘ತೆಗೆಯಲು ನಿರಾಕರಿಸಿದಳು’ ಎನ್ನುವ ಸಾಲನ್ನು ನಾನು ಹೊಡೆದುಹಾಕಿದೆ. ಕಥೆ ತೆಳ್ಳಗಾಯಿತು ಎಂದು ಬಳಗದವರು ಗೊಣಗಿದರು. ಮುಖ ಮಾತ್ರ ನೋಡಿ ಎಂದೆ.

ಮತ್ತೆ ವಿಜಯಪುರ

ಪ್ರಿಂಟ್ ತಗೊಂಡು ಹೋಗಲು ಚಿಕ್ಕಮ್ಮ ಸೂಲಿಬೆಲೆಯಿಂದ ಬೆಳಿಗ್ಗೆಯೇ ಬಂದು ಕೂತಿದ್ದಳು. ಬಿಚ್ಚಿ ನೋಡಿ, ಕೈಮುಗಿದು, ಕಣ್ಣೊರೆಸಿಕೊಂಡು, ಫೋಟೊಗೆ ಕಟ್ಟು ಹಾಕುವವನ ಅಂಗಡಿ ತೆರೆದಿದೆಯೋ ಇಲ್ಲವೋ ನೋಡಲು ಅಮ್ಮನನ್ನು ಎಳೆದುಕೊಂಡು ಹೊರಟಳು. ನಾನು, ತಾತ, ನಮ್ಮಿಬ್ಬರ ನಡುವೆ ಮಂಚದ ಮೇಲೆ ಅಜ್ಜಿ.

ತಾತ ಪ್ರಿಂಟನ್ನು ಬಾಗಿಲ ಬೆಳಕಿಗೆ ಹಿಡಿದ. “ಕಪ್ಪು ಚೆನ್ನಾಗಿ ಕೂರ್ಸವ್ಳೆ. ಕೊರಳತ್ರ ಇನ್ನೊಂಚೂರು ಬೆಳಕು ಬಿಡ್ಬೇಕಿತ್ತು. ಯಾರಂದೆ, ಹಾನಮ್ಮನಾ? ಪರ್ವಾಗಿಲ್ಲ.”

“ಕುಂಚ ನಾಲಿಗೆಗೆ ಹಚ್ತಾಳೆ ತಾತ.”

“ಮತ್ತೆ? ನಾವೇನ್ ಗಂಗಾಜಲ ಹಚ್ತಿದ್ವಾ?”

“ತಾತ, ಅವತ್ತು ಫೋನಲ್ಲಿ ಹೇಳಿದ್ನಲ್ಲ. ಪೆನ್ಸಿಲ್ ಇದೆ. ನಾನು ಕಣ್ಣಾರೆ ನೋಡಿದೆ. ಅಳಿಸೋಕೆ ಬಿಡ್ಲಿಲ್ಲ.”

ಈ ಸಲ ಮೇಲೆ ವಿಮಾನ ನಿಜವಾಗಿಯೂ ಹೋಯಿತು. ಅದು ದಾಟುವವರೆಗೆ ಅವನು ಪ್ರಿಂಟಿನಿಂದ ಕಣ್ಣು ತೆಗೆಯಲಿಲ್ಲ.

“ಟಚಿಂಗ್ ಅಂದ್ರೆ ಏನಂದ್ಕೊಂಡಿದ್ದೀಯ ನೀನು?” ಎಂದ ಕೊನೆಗೆ, ದನಿ ಏರಿಸಿ. “ಕೈಗ್ ಬಂದಂಗೆ ಗೀಚೋದಲ್ಲ. ಎಂಥೆಂಥವ್ರು ಬಂದು ಕೂತವ್ರೆ ನನ್ ಸ್ಟೂಲ್ ಮೇಲೆ. ಕೆನ್ನೆ ತುಂಬು ಅಂದ್ರೆ ತುಂಬ್ದೆ. ಮಚ್ಚೆ ತೆಗಿ ಅಂದ್ರೆ ತೆಗ್ದೆ. ಗಿರಾಕಿ ಬಾಯ್ಬಿಟ್ಟು ಕೇಳ್ದೆ, ನಾನಾಗಿ ನಾನು ಯಾವತ್ತೂ ಯಾರ್ ಮುಖದ್ ಮೇಲೂ ಪೆನ್ಸಿಲ್ ಇಟ್ಟೋನಲ್ಲ. ತಿಳ್ಕೋ.”

ಎರಡೇ ಪಕ್ಷ ಎಂದುಕೊಂಡಿದ್ದ ನನಗೆ ಮೂರನೆಯದು ಹೊಳೆದದ್ದು ಆಗ.

“ಹಾಗಾದ್ರೆ ತಾತ, ಅವತ್ತು ಆ ಸ್ಟೂಲ್ ಮೇಲೆ ಕೂತ್ಕೊಂಡು ಅಜ್ಜಿ ನಿನ್ನನ್ನ ಏನು ಕೇಳಿದ್ಲು?”